ನೆಲವೂ ಡೊಂಕಿರಬಹುದು

‘ಕುಣಿಯಲಾರದವಳು ನೆಲ ಡೊಂಕು ಎಂದಳಂತೆ’ ಎಂಬ ಗಾದೆಯನ್ನು ಕೇಳದವರು ನಮ್ಮಲ್ಲಿ ಯಾರೂ ಇರಲಿಕ್ಕಿಲ್ಲ. ಕನ್ನಡ ಪರೀಕ್ಷೆಯಲ್ಲಿ ‘ಈ ಗಾದೆಯನ್ನು ವಿಸ್ತರಿಸಿ ಬರೆಯಿರಿ’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಈ ಒಂದು ಗಾದೆಗೆ ಮಕ್ಕಳು ಬರೆದ ಉತ್ತರಗಳನ್ನು ನಾನು ಎಷ್ಟು ತಿದ್ದಿದ್ದೇನೋ ಲೆಕ್ಕವಿಲ್ಲ. ಎಲ್ಲರ ಉತ್ತರವೂ ಹೆಚ್ಚುಕಡಿಮೆ ಒಂದೇ: ತನ್ನ ಕೊರತೆಯನ್ನು ಮುಚ್ಚಿಕೊಳ್ಳಲು ಬೇರೆಯದರ ಮೇಲೆ ತಪ್ಪು ಹೊರಿಸಬಾರದು. ಒಳ್ಳೆಯ ಉತ್ತರವೇ, ಅಂಕ ಕೊಡಬೇಕಾದ ಉತ್ತರವೇ. ಆದರೆ ಗಾದೆಯನ್ನು ಒಮ್ಮೆ ನಿಧಾನವಾಗಿ ಹೇಳಿಕೊಂಡು ನೋಡಿ. ಅವಳು ನೆಲ ಡೊಂಕು ಎಂದಳು, ಕೂಡಿದ್ದವರು ನಕ್ಕರು. ನಕ್ಕವರಲ್ಲಿ ಒಬ್ಬರಾದರೂ ಬಗ್ಗಿ ನೆಲವನ್ನು ನೋಡಿದರೇ? ಗಾದೆ ಆ ಮಾತನ್ನೇ ಎತ್ತುವುದಿಲ್ಲ. ಕುಣಿಯಲಾರದವಳು ಹೆಂಗಸು ಎಂಬುದನ್ನೂ ನಾವು ಗಮನಿಸದೆ ದಾಟಿಬಿಡುತ್ತೇವೆ.

ಏನಾದರೊಂದು ಕೆಟ್ಟಾಗ ತಪ್ಪನ್ನು ಮೊದಲು ಎಲ್ಲಿ ಹುಡುಕಬೇಕು? ಇದು ಸಣ್ಣ ಪ್ರಶ್ನೆಯಂತೆ ಕಾಣುತ್ತದೆ. ಆದರೆ ಮನೆಯಲ್ಲಿ, ಶಾಲೆಯಲ್ಲಿ, ಓಣಿಯಲ್ಲಿ ನಡೆಯುವ ಅನ್ಯಾಯಗಳಲ್ಲಿ ಬಹಳಷ್ಟು ಈ ಪ್ರಶ್ನೆಗೆ ಅವಸರದಲ್ಲಿ ಕೊಟ್ಟ ಉತ್ತರದಿಂದಲೇ ಹುಟ್ಟುತ್ತವೆ. ಈ ವಿಷಯದಲ್ಲಿ ನನಗೆ ಪಾಠ ಹೇಳಿದ್ದು ಯಾವ ಪ್ರವಚನವೂ ಅಲ್ಲ, ಬಿ.ಇಡಿ.ಯ ಮನಶ್ಶಾಸ್ತ್ರದ ಪುಸ್ತಕವೂ ಅಲ್ಲ. ಶಹಾಪುರದ ಒಂದು ಗ್ಯಾರೇಜು, ಮುಚ್ಚಿಕೊಳ್ಳದೆ ಹಟ ಹಿಡಿದ ಒಂದು ವ್ಯಾನಿನ ಬಾಗಿಲು.

ಬೆಂಗಳೂರಿನಲ್ಲಿರುವ ನನ್ನ ಅಣ್ಣನ ಮಗ ಒಂದು ದೊಡ್ಡ ವ್ಯಾನನ್ನು ಕೈಬದಲಿಗೆ ಕೊಂಡಿದ್ದ. ಅದರ ಪಕ್ಕದ ಬಾಗಿಲುಗಳು ಕೈಯಿಂದ ಎಳೆಯುವಂಥವಲ್ಲ. ಗುಂಡಿ ಒತ್ತಿದರೆ ತಾವೇ ಹಿಂದಕ್ಕೆ ಜಾರಿ ತೆರೆದುಕೊಳ್ಳುತ್ತವೆ, ಮತ್ತೆ ಒತ್ತಿದರೆ ತಾವೇ ಬಂದು ಮುಚ್ಚಿಕೊಳ್ಳುತ್ತವೆ. ನಮ್ಮ ವೈನಿಗೆ ಮೊಣಕಾಲು ನೋವು. ಕಾರಿನೊಳಗೆ ಬಗ್ಗಿ, ತಿರುಗಿ ಕೂರುವುದು ಅವರಿಗೆ ಯಾತನೆ. ಅಗಲವಾಗಿ ತೆರೆಯುವ ಬಾಗಿಲಿದ್ದರೆ ಅಮ್ಮ ನೆಟ್ಟಗೆ ಹತ್ತಿ ಕೂರಬಹುದು ಎಂದೇ ಮಗ ಅದನ್ನು ತಂದಿದ್ದ. 2024ರ ಸಂಕ್ರಾಂತಿಗೆ ಎಲ್ಲರೂ ಅದರಲ್ಲೇ ಮೈಲಾಪುರದ ಮಲ್ಲಯ್ಯನ ಜಾತ್ರೆಗೆ ಬಂದರು; ನಾನೂ ಜೊತೆಗೂಡಿದೆ. ಆ ಜಾತ್ರೆಯನ್ನು ನೋಡಿದವರಿಗೆ ಗೊತ್ತು. ಜನರ ಕಾಲಿನಿಂದ ಏಳುವ ಧೂಳು ಒಂದು ಕಡೆ, ಮುಗಿಲಿಗೆ ತೂರುವ ಭಂಡಾರ ಇನ್ನೊಂದು ಕಡೆ; ಮನೆಗೆ ಮರಳುವಾಗ ಮನುಷ್ಯರೂ ಹಳದಿ, ಗಾಡಿಗಳೂ ಹಳದಿ.

ಮರಳುವಾಗ ಯಾದಗಿರಿಯಲ್ಲಿ ಚಹಾಕ್ಕೆ ನಿಂತೆವು. ಎಲ್ಲರೂ ಹತ್ತಿ ಕೂತ ಮೇಲೆ ಎಡಗಡೆಯ ಬಾಗಿಲು ಮುಚ್ಚಲೊಲ್ಲದು. ಮುಕ್ಕಾಲು ದಾರಿ ಬರುತ್ತದೆ, ಅಲ್ಲಿ ಒಂದು ಕ್ಷಣ ಅನುಮಾನಿಸಿದಂತೆ ನಿಲ್ಲುತ್ತದೆ, ಕೀಂ ಕೀಂ ಎಂದು ಕೂಗಿ ಮತ್ತೆ ಹಿಂದಕ್ಕೆ ಹೋಗುತ್ತದೆ. ಐದಾರು ಸಲ ಇದೇ ಆಟ. ಅಣ್ಣನ ಮಗ ಫೋನು ಮಾಡಿ ಯಾರನ್ನೋ ಕೇಳಿದ. ‘ಮೋಟರು ಹೋಗಿರಬೇಕು, ಇಡೀ ಜೋಡಣೆಯನ್ನೇ ಬದಲಿಸಬೇಕಾಗುತ್ತದೆ’ ಎಂದು ಅತ್ತಲಿಂದ ಉತ್ತರ ಬಂತು. ಖರ್ಚು ಕೇಳಿ ಅವನ ಮುಖ ಸಪ್ಪಗಾಯಿತು. ಮುಂದಿನ ಫಲಕದಲ್ಲಿದ್ದ ಮುಖ್ಯ ಸ್ವಿಚ್ಚನ್ನು ಆರಿಸಿ, ಇಬ್ಬರು ಸೇರಿ ಬಾಗಿಲನ್ನು ಕೈಯಿಂದಲೇ ನೂಕಿ ಮುಚ್ಚಿದರು. ಭೀಮಾ ಸೇತುವೆ ದಾಟಿ ಶಹಾಪುರಕ್ಕೆ ಬಂದೆವು. ಅಲ್ಲಿಂದ ಮುಂದೆ ಸುರಪುರದ ಅಣ್ಣನ ಮನೆಗೆ ಹೋಗಬೇಕು. ಅದಕ್ಕೂ ಮೊದಲು, ನಮ್ಮ ಶಾಲೆಯ ಮಕ್ಕಳ ವ್ಯಾನುಗಳನ್ನು ರಿಪೇರಿ ಮಾಡುವ ವಯಸ್ಸಾದ ಮಿಸ್ತ್ರಿಯೊಬ್ಬರಿದ್ದಾರೆ, ತೋರಿಸಿಕೊಂಡೇ ಹೋಗೋಣ ಎಂದು ನಾನೇ ಗಾಡಿ ನಿಲ್ಲಿಸಿಸಿದೆ.

ಮಿಸ್ತ್ರಿ ಇಂಥ ವ್ಯಾನನ್ನು ಹಿಂದೆ ನೋಡಿದವರಲ್ಲ. ಅದನ್ನು ಅವರು ಮುಚ್ಚಿಡಲೂ ಇಲ್ಲ. ‘ಅಕ್ಕೋರೆ, ಇದರ ಕಂಪ್ಯೂಟರ್ ನನಗ ತಿಳಿಯಂಗಿಲ್ಲ. ಆದರ ಜಾರೋ ಬಾಗಲಾ ಎಲ್ಲಾ ಒಂದ ಜಾತಿದು’ ಎಂದರು. ಅವರ ಅನುಭವವೆಲ್ಲ ಮಾರುತಿ ಓಮ್ನಿಯದು. 1984ರಲ್ಲಿ ಬರೀ ‘ಮಾರುತಿ ವ್ಯಾನ್’ ಎಂದು ಬಂದು, 1988ರಲ್ಲಿ ಓಮ್ನಿ ಎಂದು ಹೆಸರು ಬದಲಿಸಿಕೊಂಡು, 2019ರಲ್ಲಿ ತಯಾರಿಕೆ ನಿಲ್ಲುವವರೆಗೂ ನಮ್ಮಂಥ ಊರುಗಳ ಮಕ್ಕಳನ್ನು ಶಾಲೆಗೆ, ರೋಗಿಗಳನ್ನು ಆಸ್ಪತ್ರೆಗೆ, ಮದುಮಕ್ಕಳನ್ನು ಮಂಟಪಕ್ಕೆ ಹೊತ್ತು ತಿರುಗಿದ ಗಾಡಿ ಅದು. ಅದರ ಜಾರುವ ಬಾಗಿಲನ್ನು ಮಿಸ್ತ್ರಿ ಎಷ್ಟು ಸಲ ಬಿಚ್ಚಿ ಹಾಕಿದ್ದರೋ!

ಅವರು ಮೊದಲು ಕೈ ಹಚ್ಚಲಿಲ್ಲ, ಪ್ರಶ್ನೆ ಕೇಳಿದರು. ಎಂದಿನಿಂದ ಹೀಗೆ? ಇವತ್ತಿನಿಂದ. ತೆರೆಯುವಾಗ ಸರಿಯಾಗಿ ತೆರೆಯುತ್ತದೆಯೇ? ತೆರೆಯುತ್ತದೆ, ಸ್ವಲ್ಪ ನಿಧಾನ. ಬಲಗಡೆಯ ಬಾಗಿಲು? ಅದು ನೆಟ್ಟಗಿದೆ. ಯಾವ ಬಾಗಿಲಿನಿಂದ ಜನ ಹೆಚ್ಚು ಹತ್ತಿ ಇಳಿದರು? ಎಡಗಡೆಯಿಂದ, ಎಲ್ಲರೂ. ಪ್ರತಿ ಸಲ ಹಿಂದೆ ಹೋಗುವುದು ಒಂದೇ ಜಾಗದಿಂದಲೋ, ಬೇರೆ ಬೇರೆ ಜಾಗದಿಂದಲೋ? ಈ ಪ್ರಶ್ನೆಗೆ ನಮ್ಮಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ. ಮಿಸ್ತ್ರಿ ಹತ್ತು ಸಲ ಬಾಗಿಲನ್ನು ಆಡಿಸಿ ನೋಡಿದರು. ಒಂದೇ ಜಾಗ.

ಈ ಬಾಗಿಲುಗಳು ನಡೆಯುವ ರೀತಿಯನ್ನು ಅಣ್ಣನ ಮಗ ಆಮೇಲೆ ಸಾವಧಾನವಾಗಿ ವಿವರಿಸಿದ. ತಿಳಿದುಕೊಂಡರೆ ಅದೇನು ಕಠಿಣವಲ್ಲ. ಬಾಗಿಲು ಮೂರು ಹಳಿಗಳ ಮೇಲೆ ನಿಂತಿರುತ್ತದೆ. ಮೇಲೊಂದು, ಕೆಳಗೊಂದು, ಗಾಡಿಯ ಹೊರಮೈಯಲ್ಲಿ ನಡುವೆ ಒಂದು. ಪ್ರತಿ ಹಳಿಯೊಳಗೂ ಪುಟ್ಟ ಗಾಲಿಗಳು. ಒಳಗೆ ಒಂದು ಮೋಟರು ಬಾವಿಯ ರಾಟೆಯ ಹಾಗೆ ಉಕ್ಕಿನ ತಂತಿಯನ್ನು ಸುತ್ತುತ್ತ ಬಾಗಿಲನ್ನು ಎಳೆಯುತ್ತದೆ. ಇಷ್ಟೇ ಆಗಿದ್ದರೆ ಅದೊಂದು ಕುರುಡು ಯಂತ್ರವಾಗುತ್ತಿತ್ತು. ಆದರೆ ಅದಕ್ಕೆ ಮುಟ್ಟಿದರೆ ಗೊತ್ತಾಗುವ ಒಂದು ಗುಣವನ್ನು ಕೊಟ್ಟಿರುತ್ತಾರೆ. ಬಾಗಿಲಿನ ಅಂಚಿನುದ್ದಕ್ಕೂ ರಬ್ಬರಿನ ಪಟ್ಟಿ, ಅದರೊಳಗೆ ಎರಡು ವಾಹಕಗಳು. ಮಗುವಿನ ಕೈಯೋ ಸೀರೆಯ ನಿರಿಗೆ ಹಿಡಿದ ಮುಷ್ಟಿಯೋ ನಡುವೆ ಸಿಕ್ಕು ಪಟ್ಟಿ ಅದುಮಿದರೆ ಅವು ಒಂದನ್ನೊಂದು ಮುಟ್ಟುತ್ತವೆ, ಬಾಗಿಲು ಹಿಂದಕ್ಕೆ ಹೋಗುತ್ತದೆ. ಇದಲ್ಲದೆ ಮೋಟರು ಎಷ್ಟು ಬೇಗ ತಿರುಗುತ್ತಿದೆ ಎಂಬುದನ್ನೂ ಒಂದು ಪುಟ್ಟ ಕಂಪ್ಯೂಟರು ಎಣಿಸುತ್ತಿರುತ್ತದೆ. ಎಣಿಕೆ ಇದ್ದಕ್ಕಿದ್ದಂತೆ ನಿಧಾನವಾದರೆ ‘ದಾರಿಯಲ್ಲಿ ಏನೋ ಇದೆ’ ಎಂದು ತಿಳಿದು ಬಾಗಿಲನ್ನು ತಿರುಗಿಸುತ್ತದೆ. ಆ ‘ಏನೋ’ ಮಗುವಿನ ಬೆರಳೋ ಮಣ್ಣಿನ ಹೆಂಟೆಯೋ ಅದಕ್ಕೆ ಗೊತ್ತಾಗದು. ಗೊತ್ತಾಗದಿದ್ದಾಗ ಹಿಂದೆ ಸರಿಯಬೇಕು ಎಂಬುದಷ್ಟೇ ಅದಕ್ಕೆ ಗೊತ್ತು.

ಮಿಸ್ತ್ರಿ ಮುಖ್ಯ ಸ್ವಿಚ್ಚನ್ನು ಆರಿಸಿ, ಮೋಟರಿನ ಹಂಗಿಲ್ಲದೆ, ಒಂದೇ ಕೈಯಿಂದ ಬಾಗಿಲನ್ನು ಹಿಂದಕ್ಕೂ ಮುಂದಕ್ಕೂ ಸರಿಸಿದರು. ಮುಕ್ಕಾಲು ದಾರಿಯಲ್ಲಿ ಅದು ಬಿಗಿಯಾಯಿತು. ‘ನೋಡ್ರಿ, ಮೋಟರ್ ಇಲ್ಲದನೂ ಇಲ್ಲೇ ಹಿಡೀತದ. ಅಂದಮ್ಯಾಲ ಮೋಟರ್‌ದೇನು ತಪ್ಪು?’ ಎಂದರು. ಇದು ಎಷ್ಟು ಸರಳವಾದ ಪರೀಕ್ಷೆ! ಕೈಗೆ ಹಗುರಾಗಿ ಸರಿದರೆ ವಿದ್ಯುತ್ತಿನ ಕಡೆ ನೋಡಬೇಕು. ಕೈಗೂ ಭಾರವಾದರೆ ಹಳಿಯ ಕಡೆ ನೋಡಬೇಕು. ಯಾದಗಿರಿಯಲ್ಲಿ ಇಬ್ಬರು ಗಂಡಸರು ಉಸಿರು ಕಟ್ಟಿ ನೂಕಿದಾಗಲೇ ಬಾಗಿಲು ಈ ಸಂಗತಿಯನ್ನು ಹೇಳಿತ್ತು. ಆದರೆ ಮೋಟರು ಹೋಗಿದೆ ಎಂಬ ಮಾತು ಅಷ್ಟರಲ್ಲಿ ಕಿವಿಗೆ ಬಿದ್ದಾಗಿತ್ತು. ತೀರ್ಪು ಮೊದಲೇ ಬಂದುಬಿಟ್ಟರೆ ಸಾಕ್ಷಿಯ ಮಾತು ಯಾರಿಗೂ ಕೇಳಿಸುವುದಿಲ್ಲ.

ಅಷ್ಟರಲ್ಲಿ ಗ್ಯಾರೇಜಿನ ಹುಡುಗನೊಬ್ಬ ಬಂದು, ‘ಆ ರಬ್ಬರ್ ಪಟ್ಟೀದು ಸೆನ್ಸರ್ ವೈರ್ ಕಿತ್ತಿ ಸೇರಿಸಿಬಿಡ್ರಿ, ಹಿಂದ ಹೋಗೋದೆಲ್ಲಾ ಬಂದ್ ಆಗ್ತದ’ ಎಂದ. ಅವನಿಗೆ ತಿಳಿದಂತೆ ಅದು ಸುಲಭದ ದಾರಿ. ಮಿಸ್ತ್ರಿ ತಲೆ ಎತ್ತಲಿಲ್ಲ. ‘ಬ್ಯಾಡಪಾ. ಹುಡುಗೂರು ಕೈ ಇಡ್ತಾವ. ಓಮ್ನಿ ಬಾಗಲದಾಗ ಬಳ್ಳು ಸಿಕ್ಕ ಕೂಸು ನೋಡೀನಿ ನಾ’ ಎಂದರು. ಅಷ್ಟೇ ಮಾತು. ಓಮ್ನಿಯ ಬಾಗಿಲಿಗೆ ಮುಟ್ಟಿದರೆ ಗೊತ್ತಾಗುವ ಗುಣವಿರಲಿಲ್ಲ. ನೂಕಿದವರು ಎಷ್ಟು ಜೋರಾಗಿ ನೂಕಿದರೋ ಅಷ್ಟು ಜೋರಾಗಿ ಅದು ಮುಚ್ಚಿಕೊಳ್ಳುತ್ತಿತ್ತು. ಅದನ್ನು ಕಂಡವರಿಗೆ, ಹಿಂದೆ ಸರಿಯುವ ಬಾಗಿಲಿನ ಬೆಲೆ ಗೊತ್ತು.

ಆಮೇಲೆ ಅವರು ಕೆಳಗಿನ ಹಳಿಯ ಮುಂದೆ ಮಂಡಿಯೂರಿ ಕೂತರು. ಬ್ಯಾಟರಿ ಬೆಳಕು ಬಿಟ್ಟು, ಕಡ್ಡಿಗೆ ಅರಿವೆ ಸುತ್ತಿ ಒಳಗಿಂದ ಎಳೆದಾಗ ಬಂದದ್ದನ್ನು ನೋಡಿ ವೈನಿ ನಕ್ಕುಬಿಟ್ಟರು. ಎರೆಮಣ್ಣು, ಹಳೆಯ ಗ್ರೀಸು, ಮಲ್ಲಯ್ಯನ ಭಂಡಾರ ಮೂರೂ ಕಲೆತು ಹಳದಿ-ಕಪ್ಪು ಕಣಕವಾಗಿತ್ತು. ಅದರಲ್ಲಿ ಶೇಂಗಾದ ಸಿಪ್ಪೆ ಬೇರೆ. ಮೊದಲು ಯಾರೋ ಒಳ್ಳೆಯ ಮನಸ್ಸಿನಿಂದಲೇ ಹಳಿಗೆ ಗ್ರೀಸು ತುಂಬಿದ್ದರು. ನಮ್ಮ ಸೀಮೆಯ ಧೂಳಿಗೆ ಜಿಡ್ಡು ಸಿಕ್ಕರೆ ಕೇಳಬೇಕೇ? ಮಿಸ್ತ್ರಿ ರಬ್ಬರಿಗೆ ತಾಗದಂತೆ ಡೀಸೆಲ್‌ನಲ್ಲಿ ಅದ್ದಿದ ಅರಿವೆಯಿಂದ ಹಳಿಯನ್ನು ಒರೆಸಿದರು, ಬ್ರಷ್ಷಿನಿಂದ ತಿಕ್ಕಿದರು, ಒಣ ಅರಿವೆಯಿಂದ ಮತ್ತೆ ಒರೆಸಿದರು. ಕೆಳಗಿನ ಒಂದು ಗಾಲಿ ಸವೆದು ಒಂದು ಮಗ್ಗುಲು ಚಪ್ಪಟೆಯಾಗಿದ್ದನ್ನು ತೋರಿಸಿ, ಅದನ್ನು ಬೆಂಗಳೂರಿನಲ್ಲಿ ಹಾಕಿಸಿಕೊಳ್ಳಲು ಹೇಳಿದರು. ಗ್ರೀಸು ಹಾಕಬೇಡಿ, ಒಣಗಿದ ಮೇಲೂ ಅಂಟದಂಥ ಸಿಲಿಕೋನ್ ಸ್ಪ್ರೇ ಸಾಕು ಎಂದರು. ಸ್ವಿಚ್ಚು ಹಾಕಿ ಗುಂಡಿ ಒತ್ತಿದಾಗ ಬಾಗಿಲು ಒಂದೇ ಉಸಿರಿಗೆ ಬಂದು ಮುಚ್ಚಿಕೊಂಡಿತು. ಮುನ್ನೂರು ರೂಪಾಯಿ ತೆಗೆದುಕೊಂಡರು. ಅವರ ಗ್ಯಾರೇಜಿನ ಮುಂದಿನಿಂದ ಶಹಾಪುರದ ಗುಡ್ಡ ಕಾಣುತ್ತದೆ. ಒಂದು ಕಡೆಯಿಂದ ನೋಡಿದರೆ ಬುದ್ಧ ಅಂಗಾತ ಮಲಗಿದಂತೆ, ಸ್ವಲ್ಪ ಮುಂದೆ ಹೋಗಿ ನೋಡಿದರೆ ಬರೀ ಬಂಡೆಗಳ ರಾಶಿ. ನಾವು ಎಲ್ಲಿ ನಿಂತು ನೋಡುತ್ತೇವೆ ಎಂಬುದರ ಮೇಲೆ ಎಷ್ಟೆಲ್ಲ ನಿಂತಿದೆ ಎಂದು ಅಂದು ಅನ್ನಿಸಿತು.

ಸುರಪುರದ ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಒಂದೇ ವಿಚಾರ. ನಾವೆಲ್ಲ ಬಾಗಿಲು ಕೆಟ್ಟಿದೆ ಎಂದೆವು. ಬಾಗಿಲು ಕೆಟ್ಟಿರಲಿಲ್ಲ. ದಾರಿಯಲ್ಲಿ ಏನೋ ಅಡ್ಡ ಇದೆ ಎಂದು ಅದು ಹೇಳುತ್ತಿತ್ತು, ಅದು ನಿಜವೂ ಆಗಿತ್ತು. ದೂರು ಬೇರೆ, ದೋಷ ಬೇರೆ. ದೂರು ಎಲ್ಲಿಂದ ಕೇಳಿಸುತ್ತದೆಯೋ ಅಲ್ಲೇ ದೋಷವಿದೆ ಎಂದು ತಿಳಿಯುವುದು, ಮಗು ಅತ್ತರೆ ಅದರ ಬಾಯಿ ಕೆಟ್ಟಿದೆ ಎಂದು ತಿಳಿದಂತೆ.

ಇದನ್ನು ನಮ್ಮ ಮನೆಗಳಿಗೆ ಹಚ್ಚಿ ನೋಡಿ. ಹೊಸ ಸೊಸೆ ಸಂಜೆಯಾದರೆ ತಲೆನೋವು ಎನ್ನುತ್ತಾಳೆ. ‘ಅವಳದು ಯಾವಾಗಲೂ ಇದ್ದದ್ದೇ’ ಎಂದು ಮನೆಯವರು ನಿರ್ಧರಿಸುತ್ತಾರೆ. ಬೆಳಿಗ್ಗೆ ಐದಕ್ಕೆ ಎದ್ದವಳು ಎಷ್ಟು ಹೊತ್ತಿಗೆ ಉಂಡಳು, ಹೊಗೆಯೊಳಗೆ ಎಷ್ಟು ಹೊತ್ತು ನಿಂತಳು, ತವರಿಗೆ ಹೋಗಿ ಎಷ್ಟು ತಿಂಗಳಾಯಿತು ಎಂದು ಯಾರೂ ಎಣಿಸುವುದಿಲ್ಲ. ಆಮೇಲೆ ಹಿರಿಯರೊಬ್ಬರು ಬಂದು ಬುದ್ಧಿ ಹೇಳುತ್ತಾರೆ: ‘ಹೊಂದಿಕೊಂಡು ಹೋಗವ್ವ.’ ಹೊಂದಿಕೊಳ್ಳುವುದು ಒಳ್ಳೆಯ ಗುಣವೇ. ನಾನೂ ಸಂಸಾರ ಮಾಡಿದವಳು. ಆದರೆ ಈ ಮಾತು ಎಷ್ಟೋ ಸಲ ಆ ಗ್ಯಾರೇಜಿನ ಹುಡುಗನ ಸಲಹೆಯೇ ಆಗಿರುತ್ತದೆ. ಹಳಿಯನ್ನು ಯಾರೂ ಮುಟ್ಟಬೇಕಾಗಿಲ್ಲ, ಕೂಗುವ ತಂತಿಯನ್ನು ಕಿತ್ತು ಹಾಕಿದರೆ ಸಾಕು. ಅವಳು ಸುಮ್ಮನಾಗುತ್ತಾಳೆ. ಮನೆ ಶಾಂತವಾಯಿತು ಎಂದು ಎಲ್ಲರೂ ಸಮಾಧಾನಪಡುತ್ತಾರೆ. ಬಾಗಿಲು ಮುಚ್ಚಿಕೊಳ್ಳತೊಡಗಿದ್ದು ನಿಜ. ಆದರೆ ಈಗ ಅದರ ನಡುವೆ ಬೆರಳು ಸಿಕ್ಕರೂ ಅದಕ್ಕೆ ಗೊತ್ತಾಗುವುದಿಲ್ಲ. ಹಾಗೆ ಸುಮ್ಮನಾದವರಲ್ಲಿ ಕೆಲವರು ಮುಂದೆ ತಮ್ಮ ಸೊಸೆಯಂದಿರ ತಲೆನೋವನ್ನು ನಂಬದವರಾಗುತ್ತಾರೆ. ಅದನ್ನು ನೀವೂ ಕಂಡಿರಬಹುದು.

ದೊಡ್ಡ ದೊಡ್ಡ ಕಂಪನಿಗಳೂ ಈ ಪ್ರಶ್ನೆಯನ್ನು ಎದುರಿಸಿವೆ. ಅಮೆರಿಕದಲ್ಲಿರುವ ನಮ್ಮ ಕನ್ನಡದ ಸಂಸಾರಗಳಿಗೆ ಇಂಥ ಬಾಗಿಲಿನ ವ್ಯಾನು ಹೊಸದಲ್ಲ. ಅಲ್ಲಿ 2016ರಲ್ಲಿ ಟೊಯೊಟಾ ಕಂಪನಿ ತನ್ನ ಸಿಯೆನ್ನಾ ಎಂಬ ವ್ಯಾನುಗಳನ್ನು, ಅಮೆರಿಕವೊಂದರಲ್ಲೇ ಏಳು ಲಕ್ಷಕ್ಕೂ ಮಿಕ್ಕಿ, ದುರಸ್ತಿಗೆಂದು ಹಿಂದಕ್ಕೆ ಕರೆಯಿತು. ಕಾರಣ ಕೇಳಿದರೆ ವಿಚಿತ್ರವೆನಿಸುತ್ತದೆ. ಚಳಿಗೆ ಬಾಗಿಲು ಹಿಮಗಟ್ಟಿಯೋ ಇನ್ನಾವುದಕ್ಕೋ ತೆರೆಯಲಾರದೆ ಸಿಕ್ಕಿಕೊಂಡಾಗ ಮೋಟರು ಒದ್ದಾಡಿ ಹೆಚ್ಚು ವಿದ್ಯುತ್ತನ್ನು ಎಳೆಯುತ್ತಿತ್ತು. ಆಗ ಫ್ಯೂಸು ಸುಟ್ಟುಹೋಗುತ್ತಿತ್ತು. ಫ್ಯೂಸು ಇರುವುದೇ ಅದಕ್ಕೆ, ತಾನು ಸುಟ್ಟು ಉಳಿದದ್ದನ್ನು ಕಾಯಲಿಕ್ಕೆ. ಆದರೆ ಚಿಲಕ ಬಿಚ್ಚಿಕೊಂಡ ಗಳಿಗೆಯಲ್ಲೇ ಅದು ಸುಟ್ಟರೆ ಚಿಲಕ ಹಾಗೆಯೇ ಉಳಿದು, ಗಾಡಿ ಓಡುವಾಗ ಬಾಗಿಲು ತೆರೆದುಕೊಳ್ಳುವ ಅಪಾಯವಿತ್ತು. ಅಂದರೆ ಯಂತ್ರದ ರಕ್ಷಣೆಗೆ ಇಟ್ಟದ್ದು ಮನುಷ್ಯನ ರಕ್ಷಣೆಯನ್ನು ಮರೆತಿತ್ತು. ‘ಹಿಮದಲ್ಲಿ ಗುಂಡಿ ಒತ್ತಿದ್ದು ನಿಮ್ಮ ತಪ್ಪು’ ಎಂದು ಗಿರಾಕಿಗಳ ಮೇಲೆ ಹಾಕಿ ಕೈತೊಳೆದುಕೊಳ್ಳುವ ದಾರಿ ಅಲ್ಲಿ ನಡೆಯಲಿಲ್ಲ. ಬಾಗಿಲಿನ ವಿದ್ಯುತ್ ಜೋಡಣೆಯನ್ನೇ ಸರಿಪಡಿಸಿಕೊಡಬೇಕಾಯಿತು. ಕಾನೂನಿನ ಭಯವಿತ್ತು, ನಿಜ. ಆದರೂ ಒಂದು ಒಪ್ಪಂದ ಅದರೊಳಗಿದೆ. ಒಂದೇ ತೊಂದರೆ ಅನೇಕರಿಗೆ ಬಂದರೆ, ತಪ್ಪು ಆ ಅನೇಕರಲ್ಲಿ ಒಬ್ಬೊಬ್ಬರದಾಗಿ ಇರಲಾರದು. ಅವರೆಲ್ಲ ನಡೆಯುವ ಹಳಿಯಲ್ಲಿರಬೇಕು.

ಹಾಗಿದ್ದರೆ ಯಂತ್ರದ ವಿಷಯದಲ್ಲಿ ಇಷ್ಟು ಸಾವಧಾನ ತೋರುವ ನಾವು ಮನುಷ್ಯರ ವಿಷಯದಲ್ಲಿ ಯಾಕೆ ಅವಸರಪಡುತ್ತೇವೆ? ಇದಕ್ಕೆ ನನಗೆ ಹೊಳೆದ ಉತ್ತರ ಅಷ್ಟು ಚೆನ್ನಾದದ್ದಲ್ಲ. ಗ್ಯಾರೇಜಿನಲ್ಲಿ ಮೋಟರು ದುಬಾರಿ, ಹಳಿ ಒರೆಸುವ ಅರಿವೆ ಅಗ್ಗ. ಆದ್ದರಿಂದ ಹಣ ಕೊಡುವವನು ಮೊದಲು ಹಳಿಯನ್ನು ನೋಡಿಸುತ್ತಾನೆ. ಮನೆಯಲ್ಲಿ ಶಾಲೆಯಲ್ಲಿ ಲೆಕ್ಕ ಉಲ್ಟಾ. ‘ಅವಳೇ ಸರಿಯಿಲ್ಲ’ ಎಂದು ಹೇಳಲು ಒಂದು ಪೈಸೆ ಖರ್ಚಿಲ್ಲ. ಹಳಿ ಒರೆಸಬೇಕಾದರೆ ಮಾತ್ರ ಖರ್ಚು. ಮನೆಯ ಪದ್ಧತಿ ಬದಲಿಸಬೇಕು, ಗಂಡಸರು ಒಂದು ಕೆಲಸ ಹಂಚಿಕೊಳ್ಳಬೇಕು, ಶಾಲೆಯ ವೇಳಾಪಟ್ಟಿ ತಿದ್ದಬೇಕು. ಮನುಷ್ಯನ ಮೇಲೆ ತಪ್ಪು ಹೊರಿಸುವುದು ಬಿಟ್ಟಿ ಸಿಗುವ ರಿಪೇರಿ, ಆದ್ದರಿಂದ ಅದನ್ನೇ ಮೊದಲು ಮಾಡುತ್ತೇವೆ. ಅದಕ್ಕೇ ಯಾರಾದರೂ ‘ದೋಷ ಇಲ್ಲಿದೆ’ ಎಂದು ಬೆರಳು ತೋರಿಸಿದಾಗ ಒಂದು ಮಾತು ಕೇಳಿಕೊಳ್ಳುವುದು ಒಳ್ಳೆಯದು: ಈ ತೀರ್ಪಿನಿಂದ ಯಾರ ಖರ್ಚು ಉಳಿಯಿತು?

ನಮ್ಮ ಶಾಲೆಯ ಒಂದು ಸಂಗತಿ ಹೇಳುತ್ತೇನೆ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಏಳೆಂಟು ಕಿಲೋಮೀಟರ್ ದೂರದ ಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಗಣಿತದಲ್ಲಿ ಅವಳಿಗೆ ಎರಡಂಕಿ ದಾಟುವುದೇ ಕಷ್ಟ. ‘ಇವಳ ತಲೆಗೆ ಲೆಕ್ಕ ಹತ್ತೋದಿಲ್ಲ’ ಎಂಬುದು ಸ್ಟಾಫ್ ರೂಮಿನಲ್ಲಿ ಎಲ್ಲರೂ ಒಪ್ಪಿದ ಮಾತಾಗಿತ್ತು. ಒಂದು ದಿನ ಅವಳ ಅಪ್ಪ ಟಿ.ಸಿ. ಕೇಳಿಕೊಂಡು ಬಂದ. ‘ಹುಡುಗಿಗಿ ಬುದ್ಧಿ ಇಲ್ರೀ ಅಕ್ಕೋರೆ. ಹತ್ತಿ ಬಿಡಸ್ಲಿಕ್ಕರ ಆಗ್ತಾಳ’ ಎಂದ. ಮಾತು ಅಲ್ಲಿಗೇ ನಿಲ್ಲಲಿಲ್ಲ. ನೆಂಟರ ಕಡೆಯಿಂದ ಒಂದು ಸಂಬಂಧವೂ ಬಂದಿತ್ತಂತೆ. ಹದಿನೆಂಟು ತುಂಬದೆ ಮದುವೆ ಮಾಡುವುದು ಅಪರಾಧವೆಂದು 2006ರ ಕಾಯಿದೆಯೇ ಇದೆ. ಆದರೆ ಟಿ.ಸಿ. ಒಮ್ಮೆ ಕೈಗೆ ಬಿದ್ದರೆ ಆ ಹುಡುಗಿ ಎಲ್ಲಿದ್ದಾಳೆ ಎಂದು ಕೇಳುವವರು ಯಾರು?

ನಾನು ಮಿಸ್ತ್ರಿಯ ಪ್ರಶ್ನೆಗಳನ್ನೇ ಒಂದೊಂದಾಗಿ ಕೇಳಿದೆ. ಎಂದಿನಿಂದ? ಎಂಟನೆಯ ತರಗತಿಯವರೆಗೆ ಅವಳ ಹಳ್ಳಿಯ ಶಾಲೆಯಲ್ಲಿ ಗಣಿತ ಬರುತ್ತಿತ್ತು. ಇಲ್ಲಿಗೆ ಬಂದ ಮೇಲೆ ಕೆಟ್ಟಿತು. ಉಳಿದ ವಿಷಯಗಳು? ಕನ್ನಡ, ಸಮಾಜ, ವಿಜ್ಞಾನ ನೆಟ್ಟಗೇ ಇವೆ. ಅಂದರೆ ಮೋಟರು ಸರಿಯಿದೆ. ಪ್ರತಿ ಸಲ ಒಂದೇ ಜಾಗದಲ್ಲಿ ಸಿಕ್ಕಿಕೊಳ್ಳುತ್ತದೆಯೇ? ಹಾಜರಿ ಪುಸ್ತಕ ತೆಗೆದು ನೋಡಿದೆ. ಪ್ರಾರ್ಥನೆ ಹತ್ತಕ್ಕೆ, ಅವಳ ಬಸ್ಸು ಮುಟ್ಟುವುದು ಹತ್ತೂಕಾಲು, ಹತ್ತೂವರೆ. ತಡವಾಗಿ ಬಂದವರು ಮೊದಲ ಅವಧಿ ಮುಗಿಯುವವರೆಗೆ ಹೊರಗೆ ನಿಲ್ಲಬೇಕೆಂಬ ಶಿಸ್ತು. ಮೊದಲ ಅವಧಿ ವಾರದ ಆರೂ ದಿನ ಗಣಿತ! ವಾರದಲ್ಲಿ ಮೂರು ನಾಲ್ಕು ದಿನ ಆ ಹುಡುಗಿ ಗಣಿತವನ್ನು ಕಿಟಕಿಯ ಹೊರಗಿನಿಂದ ಕೇಳುತ್ತಿದ್ದಳು. 2023ರ ಜೂನ್‌ನಿಂದ ಹೆಂಗಸರಿಗೆ ಬಸ್ಸು ಉಚಿತವಾದಾಗ ಅವಳ ಅಪ್ಪನಿಗೆ ಟಿಕೆಟ್ಟಿನ ಚಿಂತೆ ತಪ್ಪಿತ್ತು. ಆದರೆ ಬಸ್ಸಿನ ಹೊತ್ತು ಬದಲಾಗಿರಲಿಲ್ಲ.

ಮುಖ್ಯೋಪಾಧ್ಯಾಯರ ಮುಂದೆ ಲೆಕ್ಕವನ್ನಿಟ್ಟೆ. ಗಣಿತವನ್ನು ಮೂರನೆಯ ಅವಧಿಗೆ ಹಾಕೋಣ ಎಂದೆ. ಬೆಳಗಿನ ಹೊತ್ತು ಮಕ್ಕಳ ತಲೆ ಚುರುಕಾಗಿರುತ್ತದೆ, ಗಣಿತ ಆಗಲೇ ಆಗಬೇಕು ಎಂದು ಗಣಿತದ ಶಿಕ್ಷಕರು ವಾದಿಸಿದರು. ಅವರ ಮಾತಿನಲ್ಲೂ ಸತ್ಯವಿತ್ತು. ಆದರೆ ತರಗತಿಯೊಳಗೇ ಇಲ್ಲದ ತಲೆ ಎಷ್ಟು ಚುರುಕಾಗಿದ್ದರೇನು? ಕೊನೆಗೆ ವೇಳಾಪಟ್ಟಿ ಬದಲಾಯಿತು. ವಾರ್ಷಿಕ ಪರೀಕ್ಷೆಯವರೆಗೆ ಕಾಯಲು ಅಪ್ಪ ಒಪ್ಪಿದ. ಪವಾಡವೇನೂ ನಡೆಯಲಿಲ್ಲ. ಆ ಹುಡುಗಿ ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ನಲವತ್ತೊಂದು ಅಂಕ ತೆಗೆದುಕೊಂಡು ಪಾಸಾಗಿ ಕಾಲೇಜಿಗೆ ಸೇರಿದಳು. ಹತ್ತಿ ಬಿಡಿಸುವ ದಿನಗಳಲ್ಲಿ ಹೊಲಕ್ಕೂ ಹೋಗುತ್ತಾಳೆ. ಮದುವೆಯ ಮಾತು ಸದ್ಯಕ್ಕೆ ಹಿಂದೆ ಬಿದ್ದಿದೆ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಬರಲೂಬೇಕು. ಹಾಗಾದರೆ ಯಾರದೂ ತಪ್ಪಿಲ್ಲವೇ? ಎಲ್ಲಕ್ಕೂ ನೆಲವೇ ಡೊಂಕೇ? ಶಿಕ್ಷಕಿಯಾದ ನನಗೆ ನೆಪಗಳ ಪರಿಚಯ ಚೆನ್ನಾಗಿಯೇ ಇದೆ. ಹೋಂವರ್ಕಿನ ಪುಸ್ತಕವನ್ನು ಮೇಕೆ ತಿಂದ ಕಥೆಯನ್ನು ವರ್ಷಕ್ಕೊಮ್ಮೆಯಾದರೂ ಕೇಳುತ್ತೇನೆ. ಕುಡಿದು ಬಂದು ಹೆಂಡತಿಗೆ ಹೊಡೆಯುವವನು ಸಂಸಾರದ ತಾಪತ್ರಯವನ್ನು ಮುಂದೆ ಮಾಡುತ್ತಾನೆ. ಅವನ ನೆಲವನ್ನೂ ಒರೆಸುತ್ತ ಕೂರಬೇಕೇ? ಈ ಪ್ರಶ್ನೆಗೂ ಉತ್ತರ ಮಿಸ್ತ್ರಿಯ ಕೆಲಸದಲ್ಲೇ ಇದೆ. ಮೋಟರು ಎಂದೂ ಕೆಡುವುದಿಲ್ಲ ಎಂದು ಅವರು ಹೇಳಲಿಲ್ಲ. ಅದನ್ನು ಸಾಲಿನ ಕೊನೆಗೆ ನಿಲ್ಲಿಸಿದರು, ಅಷ್ಟೇ. ಹಳಿ ಒರೆಸಿದ ಮೇಲೂ, ಗಾಲಿ ಬದಲಿಸಿದ ಮೇಲೂ, ತಂತಿ ನೋಡಿದ ಮೇಲೂ ಬಾಗಿಲು ಹಿಂದೆ ಹೋದರೆ ಮೋಟರನ್ನು ಬಿಚ್ಚಲೇಬೇಕು; ಆಗ ಮರುಕ ಬೇಡ. ಅದೇ ತಾಪತ್ರಯದ ಮನೆಯಲ್ಲಿ ಅದೇ ಬಡತನ ಉಂಡ ಅವನ ತಮ್ಮ ಹೆಂಡತಿಯ ಮೇಲೆ ಕೈ ಎತ್ತುವುದಿಲ್ಲ ಎಂದಾದರೆ, ನೆಲದ ಪರೀಕ್ಷೆ ಮುಗಿದಂತೆಯೇ. ಕೈ ಎತ್ತಿದವನದೇ ತಪ್ಪು. ಜೊತೆಗೆ ಇನ್ನೊಂದು ಮಾತು: ಹೊಡೆತ ತಿನ್ನುತ್ತಿರುವವಳನ್ನು ಪರೀಕ್ಷೆ ಮುಗಿಯುವವರೆಗೆ ಕಾಯಿಸಬಾರದು. ಬೆರಳು ಸಿಕ್ಕಿದ್ದರೆ ಮೊದಲು ಬಾಗಿಲು ತೆಗೆಯಬೇಕು, ಕಾರಣ ಆಮೇಲೆ.

ನೆಲವನ್ನು ಮೊದಲು ನೋಡುವುದೆಂದರೆ ಕುಣಿಯುವವಳನ್ನು ಬಿಟ್ಟುಬಿಡುವುದಲ್ಲ. ನೆಲ ನೋಡಿ ಬಂದವರು ಹೇಳಿದ ತೀರ್ಪಿಗೆ ಬೆಲೆಯಿರುತ್ತದೆ, ಅಷ್ಟೇ. ಹಾಗೆ ನೋಡಿದ ಮೇಲೆ ‘ತಪ್ಪು ನಿನ್ನದೇ’ ಎಂದರೆ ಕೇಳಿಸಿಕೊಂಡವರಿಗೂ ಅದು ನಾಟುತ್ತದೆ. ನೋಡದೆ ಹೇಳಿದ್ದು ನಿಜವೇ ಆಗಿದ್ದರೂ ಬೈಗುಳವಾಗಿಯೇ ಕೇಳಿಸುತ್ತದೆ.

ಹಳಿ ಒರೆಸಿದ ಮಾತ್ರಕ್ಕೆ ಎಲ್ಲವೂ ಸರಿಹೋಗುತ್ತದೆಂದೂ ನಾನು ಹೇಳುವುದಿಲ್ಲ. ಅದೇ ಬಸ್ಸಿನಲ್ಲಿ ಅದೇ ಹಳ್ಳಿಯಿಂದ ಬರುತ್ತಿದ್ದ ಒಬ್ಬ ಹುಡುಗನಿದ್ದ. ಅವನೂ ಗಣಿತದಲ್ಲಿ ಹಿಂದೆ. ವೇಳಾಪಟ್ಟಿ ಬದಲಾದ ಮೇಲೆ ಅವನ ಅಂಕಗಳೂ ಸ್ವಲ್ಪ ಏರಿದವು. ಆದರೆ ದೀಪಾವಳಿ ಕಳೆದ ಮೇಲೆ ಅವನು ಬರಲಿಲ್ಲ. ಅಪ್ಪ ಅಮ್ಮನ ಜೊತೆ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋದನೆಂದು ಹುಡುಗರು ಹೇಳಿದರು. ನಮ್ಮ ಸೀಮೆಯಲ್ಲಿ ಸುಗ್ಗಿ ಮುಗಿಯುತ್ತಲೇ ಬೀಗ ಬೀಳುವ ಮನೆಗಳು ಎಷ್ಟೋ. ಅವನ ಬಾಗಿಲಿಗೆ ಅಡ್ಡ ಬಂದದ್ದು ನಮ್ಮ ಶಾಲೆಯ ವೇಳಾಪಟ್ಟಿಗಿಂತ ಬಹಳ ಉದ್ದದ ಹಳಿಯ ಮೇಲಿನದು. ಅದನ್ನು ಒರೆಸುವ ಅರಿವೆ ನನ್ನ ಕೈಯಲ್ಲಿಲ್ಲ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಕಾರಣ ಬರೆಯುವ ಒಂದು ಅಂಕಣವಿತ್ತು. ‘ವಿದ್ಯಾಭ್ಯಾಸದಲ್ಲಿ ಆಸಕ್ತಿ ಇಲ್ಲ’ ಎಂದು ಬರೆಯುವುದು ರೂಢಿ. ಬರೆಯಲು ಸುಲಭ, ಮೇಲಿನವರೂ ಏನೂ

ಕೇಳುವುದಿಲ್ಲ. ನಾನು ‘ಪಾಲಕರು ಕೂಲಿಗಾಗಿ ಊರು ಬಿಟ್ಟಿದ್ದಾರೆ’ ಎಂದು ಬರೆದೆ. ಅದರಿಂದ ಹುಡುಗ ಮರಳಿ ಬರಲಿಲ್ಲ. ಆದರೆ ತಪ್ಪನ್ನು ಅವನ ತಲೆಯ ಮೇಲೆ ಹಾಕಿ ಪುಸ್ತಕ ಮುಚ್ಚಿದಂತೆ ಆಗಲಿಲ್ಲ.